ಕರುಳಿನ ಫೋಟೋಕ್ಕೊಂದು ಉಪವಾಸ

ನಮ್ಮ ಅಪ್ಪ ಸತ್ತದ್ದು ಕರುಳಿನ ಕ್ಯಾನ್ಸರಿನಿಂದ. ಆದರೆ ಬದುಕಿದ್ದಷ್ಟು ದಿನ ಅವನಿಗಿದ್ದದ್ದು ಮೂಲವ್ಯಾಧಿ. ಹಾಗೆಂದು ಊರು ತೀರ್ಮಾನಿಸಿತ್ತು. ರಕ್ತ ಬೀಳುತ್ತದೆ ಎಂದು ಅವನು ಬಾಯಿ ಬಿಟ್ಟದ್ದೇ ತಡ, ಕಟ್ಟೆಯ ಮೇಲೆ ಕೂತವರೆಲ್ಲ ಡಾಕ್ಟರಾದರು. ಒಬ್ಬ ಮೂಲಂಗಿ ತಿನ್ನು ಎಂದ, ಇನ್ನೊಬ್ಬ ಬದನೆಕಾಯಿ ಬಿಡು ಎಂದ, ಮತ್ತೊಬ್ಬ ಹಾನಗಲ್ಲಿನ ಹತ್ತಿರ ಅಮಾವಾಸ್ಯೆಗೊಮ್ಮೆ ಬೇರು ತೇಯ್ದು ಕೊಡುವವನ ಹಾದಿ ಹೇಳಿದ. ಅಪ್ಪ ಎಲ್ಲರ ಮಾತನ್ನೂ ಕೇಳಿದ, ಡಾಕ್ಟರದೊಂದನ್ನು ಬಿಟ್ಟು. ಕೊನೆಗೆ ಹೊಟ್ಟೆ ಉಬ್ಬಿ ಹುಬ್ಬಳ್ಳಿಗೆ ಒಯ್ಯುವ ಹೊತ್ತಿಗೆ ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗಿತ್ತು.

ಅಲ್ಲಿಯ ಡಾಕ್ಟರು ಅಪ್ಪನ ವಿಷಯ ಹೇಳಿ ಮುಗಿಸಿದ ಮೇಲೆ ನಮ್ಮ ಕಡೆ ತಿರುಗಿ, ಇದು ಕೆಲವು ಮನೆಗಳಲ್ಲಿ ರಕ್ತಸಂಬಂಧದಲ್ಲಿ ಬರುತ್ತದೆ, ಏನೂ ತೊಂದರೆ ಇಲ್ಲದಿದ್ದರೂ ಮಕ್ಕಳಾದವರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಎಲ್ಲರೂ ಅಣ್ಣನ ಮುಖ ನೋಡಿದರು. ನಾನೂ ನೋಡಿದೆ. ನಮ್ಮ ಕಡೆ ಅಪ್ಪನಿಂದ ಬರುವುದೆಲ್ಲ ಗಂಡುಮಕ್ಕಳಿಗೆ: ಹೊಲ, ಎತ್ತು, ಸಿಟ್ಟು. ರೋಗವೊಂದು ಬೇರೆ ಹಾದಿ ಹಿಡಿಯುತ್ತದೆಯೇ? ನಾನು ಸವಣೂರಿಗೆ, ವೀಳ್ಯದೆಲೆ ತೋಟದ ಮನೆಗೆ ಕೊಟ್ಟ ಹೆಣ್ಣು. ಲಗ್ನದಲ್ಲಿ ತಲೆಯ ಮೇಲೆ ಅಕ್ಕಿಕಾಳು ಬಿದ್ದ ಗಳಿಗೆಯಿಂದ ನನ್ನ ಕರುಳೂ ಗಂಡನ ಮನೆತನಕ್ಕೆ ಸೇರಿತೆಂದು ಎಲ್ಲರೂ ನಂಬಿದ್ದರು. ಹದಿನೈದು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದ ನಾನೂ ನಂಬಿದ್ದೆ.

ಅಣ್ಣನದು ಹಿರೇಬೆಂಡಿಗೇರಿಯಲ್ಲಿ ದೊಡ್ಡ ಒಕ್ಕಲುತನ. ಊರಲ್ಲಿ ಯಾರ ಮನೆಯ ಜಗಳವಾದರೂ ಅವನು ಹೋಗಿ ಕೂರದೆ ಮುಗಿಯುವುದಿಲ್ಲ. ಅಂಥವನಿಗೆ ಹಿಂದಿನಿಂದ ನಳಿಕೆ ಬಿಟ್ಟು ಕ್ಯಾಮೆರಾದಲ್ಲಿ ಕರುಳು ನೋಡುತ್ತಾರೆ ಎಂದು ಹೇಳುವುದು ಹೇಗೆ? ಹೇಳಿದೆವು. ಅವನು ಎದ್ದು ನಿಂತ.

“ನಾಕ ಮಂದ್ಯಾಗ ನಿಂತು ಮಾತಾಡಾಂವ ನಾ. ನನಗೂ ಒಂದು ಮರ್ಯಾದಿ ಐತಿ.”

ಅಣ್ಣನ ಮರ್ಯಾದೆ ಅಷ್ಟು ಕೆಳಗಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ವರ್ಷಗಟ್ಟಲೆ ಹೀಗೇ ನಡೆಯಿತು. ಬಿತ್ತನೆ ಇದ್ದಾಗ ಬಿತ್ತನೆ, ಸುಗ್ಗಿ ಇದ್ದಾಗ ಸುಗ್ಗಿ, ಎರಡೂ ಇಲ್ಲದಾಗ ಯಾರದೋ ಲಗ್ನ. ಕುಣಿಯಲಾರದವಳಿಗೆ ನೆಲ ಡೊಂಕು. ಕೊನೆಗೆ ಡಾಕ್ಟರೇ ಇನ್ನೊಂದು ಹಾದಿ ತೋರಿಸಿದರು. ಕ್ಯಾಮೆರಾ ಪರೀಕ್ಷೆಯೇ ಒಳ್ಳೆಯದು, ಅದು ಬೇಡವೇ ಬೇಡ ಎನ್ನುವವರಿಗೆ ಸಿ.ಟಿ. ಸ್ಕ್ಯಾನಿನಲ್ಲೂ ಕರುಳಿನ ಚಿತ್ರ ತೆಗೆಯಬಹುದು ಎಂದರು. ಅಣ್ಣನ ಮುಖ ಅರಳಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ಪರೀಕ್ಷೆಯೇ ಅವನಿಗೆ ಬೇಕಾಗಿತ್ತು. ಊರಿಗೆ ಬಂದು, ಹುಬ್ಬಳ್ಳಿಗೆ ಹೊಟ್ಟೆಯ ಫೋಟೋ ತೆಗೆಸಲು ಹೋಗುತ್ತೇನೆ ಎಂದು ಸಾರಿದ. ಹೋಗುವ ದಿನಕ್ಕೆಂದು ಹೊಸ ಧೋತರ ಬೇರೆ ತೆಗೆದಿಟ್ಟ.

ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದ್ದರು. ಹಿಂದಿನ ದಿನ ಬರೀ ತಿಳಿ ನೀರಿನಂಥವು, ಸಂಜೆಗೆ ಹೊಟ್ಟೆ ತೊಳೆಯುವ ಪುಡಿ ಕಲಸಿದ ನೀರು, ಬೇರೇನೂ ಇಲ್ಲ. “ಕರುಳಾಗ ಒಂದು ಕಾಳು ಉಳಿದ್ರೂ ಅದು ಗಂಟೋ ಕಾಳೋ ತಿಳಿಯಂಗಿಲ್ರಿ. ಇದ್ದದ್ದು ಮುಚ್ಚಿ ಹೋಕ್ಕೈತಿ,” ಎಂದೂ ಹೇಳಿದ್ದರು. ಅಣ್ಣ ತಲೆಯಾಡಿಸಿದ. ಪಕ್ಕದಲ್ಲಿದ್ದ ಅವನ ಹೆಂಡತಿ, ನಮ್ಮ ವೈನಿಯೂ ತಲೆಯಾಡಿಸಿದಳು.

ವೈನಿ ಅಬಲೂರಿನವಳು. ಸೋಮವಾರ ಬಿಡುವವಳಲ್ಲ, ಶಿವರಾತ್ರಿ ತಪ್ಪಿಸಿದವಳಲ್ಲ. ಉಪವಾಸದ ವಿಷಯದಲ್ಲಿ ಅವಳಿಗೆ ಒಬ್ಬ ಡಾಕ್ಟರು ಬುದ್ಧಿ ಹೇಳುವುದೇ? ನಮ್ಮ ಕಡೆಯ ಉಪವಾಸ ಗೊತ್ತಲ್ಲ, ಅನ್ನ ರೊಟ್ಟಿ ಮುಟ್ಟುವಂತಿಲ್ಲ, ಅಷ್ಟೇ. ಅವೆರಡನ್ನು ಬಿಟ್ಟರೆ ಭೂಮಿಯ ಮೇಲೆ ಬೆಳೆಯುವ ಎಲ್ಲವೂ ನಡೆಯುತ್ತದೆ. ಉಪವಾಸದ ದಿನ ತಿಂದಷ್ಟು ನಾವು ಹಬ್ಬದ ದಿನವೂ ತಿನ್ನುವುದಿಲ್ಲ. ಸ್ಕ್ಯಾನಿನ ದಿನ ಮುಂಜಾನೆ ಅವರ ಜೊತೆ ಹೊರಡಲೆಂದು ನಾನು ಹೋದಾಗ ಅಡುಗೆಮನೆಯಲ್ಲಿ ಸಬ್ಬಕ್ಕಿಯ, ಅಂದರೆ ನಮ್ಮ ಸಾಬೂದಾಣಿಯ ಉಸುಳಿ ಮಾಡಿದ ಪಾತ್ರೆ ಬಳಿದು ಬೋರಲು ಹಾಕಿತ್ತು. ಪಕ್ಕದ ತಟ್ಟೆಯಲ್ಲಿ ಅರ್ಧ ಶೇಂಗಾ ಉಂಡಿ.

“ಇದೇನ ವೈನಿ?”

“ಬರೀ ನೀರು ಕುಡದು ಹುಬ್ಬಳ್ಳಿ ಮಟಾ ಹೋಗಾಕ ಆಕೈತೇನವಾ? ಉಪವಾಸಕ್ಕ ನಡಿಯೂದನ್ನಷ್ಟ ಮಾಡೇನಿ. ಉಳ್ಳಾಗಡ್ಡಿ ಸೈತ ಮುಟ್ಟಿಲ್ಲ.”

“ಡಾಕ್ಟರ್ ಏನಂದಿದ್ರು?”

“ಅವರಿಗೇನ ಗೊತ್ತು, ಸಾಬೂದಾಣಿ ತಂಪು.”

ಅಣ್ಣ ಬಾಯಿ ಒರೆಸಿಕೊಂಡು ಗಾಡಿ ಹತ್ತಿ ಕೂತಿದ್ದ. ಇವತ್ತು ಬೇಡ, ಹೋಗಿ ಪ್ರಯೋಜನವಿಲ್ಲ ಎಂದೆ. ಎಂದೂ ಹೊರಡದವನು ಅಂದು ಮಾತ್ರ ಹೊರಟೇ ಸಿದ್ಧ ಎಂದು ಹಟ ಹಿಡಿದ. ಹೋದೆವು. ಅಲ್ಲಿ ಅವನ ಹೊಸ ಧೋತರ ಬಿಚ್ಚಿಸಿ, ಬೆನ್ನ ಹಿಂದೆ ಕಟ್ಟುವ ಹಸಿರು ಅಂಗಿ ತೊಡಿಸಿದರು. ಕರುಳಿಗೆ ಗಾಳಿ ತುಂಬಲು ಸಣ್ಣದೊಂದು ನಳಿಕೆ ಇಲ್ಲಿಯೂ ಬೇಕು, ಅದೂ ಅದೇ ಹಾದಿಯಿಂದಲೇ ಎನ್ನುವುದು ಅವನಿಗೆ ಮೇಜಿನ ಮೇಲೆ ಮಲಗಿದ ಮೇಲೆ ತಿಳಿಯಿತು. ಅಂಗಾತ ಮಲಗಿಸಿ ಒಮ್ಮೆ, ಬೋರಲು ಮಲಗಿಸಿ ಒಮ್ಮೆ ಚಿತ್ರ ತೆಗೆದರು. ಹೊರಗೆ ಬಂದವನು ನನ್ನ ಮುಖ ನೋಡಲಿಲ್ಲ. ಚಿತ್ರ ನೋಡಿದ ಡಾಕ್ಟರಮ್ಮ, ಕರುಳಿನ ತುಂಬ ತಿಂದದ್ದೇ ಇದೆ, ಗಂಟು ಇದೆಯೋ ಇಲ್ಲವೋ ಏನೂ ಹೇಳಲು ಬರುವುದಿಲ್ಲ, ಇನ್ನೊಮ್ಮೆ ಸರಿಯಾಗಿ ಹೊಟ್ಟೆ ಖಾಲಿ ಮಾಡಿಕೊಂಡು ಬನ್ನಿ ಎಂದರು.

“ಏನೂ ಹೇಳಲು ಬರುವುದಿಲ್ಲ” ಎಂಬ ಮಾತು ಹುಬ್ಬಳ್ಳಿಯಲ್ಲಿ ಹೊರಟದ್ದು ಶಿಗ್ಗಾವಿ ದಾಟುವ ಹೊತ್ತಿಗೆ “ಏನೂ ಹೇಳಲಿಲ್ಲ” ಎಂದಾಯಿತು. ಊರು ಮುಟ್ಟಿದಾಗ “ಏನೂ ಇಲ್ಲ” ಎಂದಾಗಿತ್ತು. ಮಾರನೆಯ ದಿನ ವೈನಿ ದೇವರಿಗೆ ಕಾಯಿ ಒಡೆಸಿ, ಓಣಿಗೆಲ್ಲ ಸಕ್ಕರೆ ಹಂಚಿದಳು. ವಿಷಯ ತಿಳಿದು ಸಿಟ್ಟಿನಿಂದ ಹೋದ ನನಗೂ ಒಂದು ಚಿಟಿಕೆ ಸಕ್ಕರೆ ಸಿಕ್ಕಿತು. ಪಡಸಾಲೆಯ ತುಂಬ ಮಂದಿ. ಮುದುಕನೊಬ್ಬ, ಹೊಟ್ಟೆಯಲ್ಲಿ ಏನೂ ಇಲ್ಲವೆಂದು ಮಷೀನೇ ಹೇಳಿದ ಮೇಲೆ ಇನ್ನೇನು ಎಂದ. ನನಗೆ ತಡೆಯಲಾಗಲಿಲ್ಲ.

“ಹೊಟ್ಟ್ಯಾಗ ಏನೂ ಇಲ್ಲಂತ ಹೇಳಿಲ್ರಿ. ಹೊಟ್ಟಿ ತುಂಬ ಸಾಬೂದಾಣಿ ಐತಿ ಅಂತ ಹೇಳ್ಯಾರ. ಅದಕ್ಕ ಇಷ್ಟು ಸಕ್ಕರಿ ಯಾಕ ಬೇಕಾಗಿತ್ತು?”

ವೈನಿ ಕಣ್ಣು ತುಂಬಿಕೊಂಡು ಒಳಗೆ ಹೋದಳು. ಅಣ್ಣ ಎದ್ದು, “ನಡಿ, ಬಸ್ಸಿಗೆ ಬಿಟ್ಟು ಬರ್ತೇನಿ,” ಎಂದ.

ಬಸ್ಸು ಎಂದಿನಂತೆ ಬಂದಿರಲಿಲ್ಲ. ನಿಲ್ದಾಣದ ಕಲ್ಲಿನ ಮೇಲೆ ಇಬ್ಬರೇ ಕೂತೆವು. ನಾನಿನ್ನೂ ವೈನಿಯ ಉಸುಳಿಯನ್ನು ಬಿಟ್ಟಿರಲಿಲ್ಲ, ಬೈಯುತ್ತಲೇ ಇದ್ದೆ.

“ಆಕಿಗೆ ಅನಬ್ಯಾಡ,” ಎಂದ. “ಆಕಿಗೆ ತಿಳಿದಿರಲಿಲ್ಲ. ನನಗ ತಿಳಿದಿತ್ತು. ನಾ ಬೇಕಂತನ ತಿಂದೇನಿ.”

ನಾನು ಅವನ ಮುಖ ನೋಡಿದೆ.

“ತಿಂದ್ರ ಕಾಣಂಗಿಲ್ಲ ಅಂದಿದ್ರಲ್ಲ. ಕಾಣಬಾರದು ಅಂತನ ತಿಂದೆ. ಶ್ರಾವಣದಿಂದ ರಗತ ಬೀಳಾಕತ್ತೈತಿ ತಂಗಿ.”

“ಡಾಕ್ಟರಿಗೆ ಹೇಳಿಯೇನು?”

“ಯಾರಿಗೂ ಹೇಳಿಲ್ಲ. ಅಪ್ಪ ಗೊತ್ತಾಗೂ ಮಟಾ ಹೊಲಕ್ಕ ಹೋಗ್ತಿದ್ದ, ಉಣ್ತಿದ್ದ, ಜಗಳ ಮಾಡ್ತಿದ್ದ. ಗೊತ್ತಾದ ದಿನ ಹಾಸಿಗಿ ಹಿಡದಾಂವ ಮತ್ತ ಏಳಲಿಲ್ಲ. ನನಗ ಗೊತ್ತಾಗೂದು ಬ್ಯಾಡ.”

ಊರಿಗೆಲ್ಲ ನ್ಯಾಯ ಹೇಳುವವನು ತನ್ನ ಹೆದರಿಕೆಯನ್ನು ಒಂದು ತಟ್ಟೆ ಉಸುಳಿಯ ಹಿಂದೆ ಬಚ್ಚಿಟ್ಟಿದ್ದ. ನನಗೆ ಅಳು ಬಂತು. ಸಿಟ್ಟೂ ಬಂತು, ನಮ್ಮ ಮನೆಯಲ್ಲಿ ಅವೆರಡೂ ಜೋಡಿಯಾಗಿಯೇ ಬರುತ್ತವೆ. ಅಪ್ಪ ಗೊತ್ತಾದದ್ದಕ್ಕೆ ಸಾಯಲಿಲ್ಲ, ತಡವಾಗಿ ಗೊತ್ತಾದದ್ದಕ್ಕೆ ಸತ್ತ ಎಂದು ಹೇಳಿದೆ. ನಿನ್ನನ್ನೂ ಹಾಗೆ ಕಳಕೊಳ್ಳುವುದು ನನ್ನಿಂದಾಗದು ಎಂದೆ. ಅವನು ನನ್ನ ಕಡೆ ತಿರುಗಿದ.

“ನೀ ಮಾಡಿಸ್ಕೊಂತಿಯೇನು?” ಎಂದು ಕೇಳಿದ. “ನೀನೂ ಅವನ ಮಗಳ ಅಲ್ಲೇನು? ನೀ ಮಾಡಿಸ್ಕೊ. ನಾನೂ ಬರ್ತೇನಿ.”

ಅದು ತಪ್ಪಿಸಿಕೊಳ್ಳುವ ಉಪಾಯ ಎಂದು ನನಗೆ ಗೊತ್ತಿತ್ತು. ಹೆಣ್ಣು ಹೆದರುತ್ತಾಳೆ, ತಾನು ಪಾರಾಗುತ್ತೇನೆ ಎಂದು ಅವನ ಲೆಕ್ಕ. ಅದಕ್ಕೇ ಸೊಕ್ಕಿನಿಂದ ಹೂಂ ಎಂದೆ. ಇಬ್ಬರೂ ಹುಬ್ಬಳ್ಳಿಗೆ ಹೋಗಿ ಕಂಡಾಗ, ರಕ್ತದ ವಿಷಯ ತಿಳಿದ ಡಾಕ್ಟರು ಅಣ್ಣನಿಗೆ ಸಿ.ಟಿ. ಗೀಟಿ ಏನೂ ಬೇಡ, ನೇರ ಕ್ಯಾಮೆರಾ ಎಂದರು. ನನಗೂ ಅದನ್ನೇ ಹೇಳಿದರು. ನನಗೇನಾಗಿದೆ, ರಕ್ತವೇ, ನೋವೇ? ಜೊತೆಗೆ ಬಂದವಳು, ಒಂದು ಚಿತ್ರ ತೆಗೆಸಿಕೊಂಡರೆ ಸಾಕು ಎಂದು ಸಿ.ಟಿ.ಯನ್ನೇ ಆರಿಸಿಕೊಂಡೆ. ಹಿಂದಿನ ದಿನ ಅಣ್ಣನ ಮನೆಯಲ್ಲೇ ಉಳಿದು ಅಡುಗೆಮನೆಯ ಬಾಗಿಲಲ್ಲಿ ಕಾವಲು ಕೂತೆ. ಪುಡಿಯ ನೀರು ಕುಡಿದ ಅಣ್ಣ ತಂಗಿ ಇಬ್ಬರೂ ಒಂದೇ ಪಾಯಖಾನೆಗೆ ಓಡಾಡಿದ್ದು, ಬಾಗಿಲು ಬಡಿದು ಜಗಳಾಡಿದ್ದು, ನೋಡಿದ ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕದ್ದು, ಹೆಚ್ಚು ಹೇಳುವುದು ಬೇಡ.

ಮಾರನೆಯ ದಿನ ಹುಬ್ಬಳ್ಳಿಯಲ್ಲಿ ಅಣ್ಣನದು ಮೊದಲು ಮುಗಿಯಿತು. ಕರುಳು ಚೊಕ್ಕವಾಗಿತ್ತು. ರಕ್ತ ಬೀಳುತ್ತಿದ್ದದ್ದು ಮೂಲವ್ಯಾಧಿಯಿಂದ. ಕಟ್ಟೆಯ ಮೇಲಿನ ಡಾಕ್ಟರುಗಳು ಹೇಳುವುದು ಜೀವಮಾನದಲ್ಲಿ ಒಮ್ಮೆ ಸರಿಯಾಗುತ್ತದೆ, ಅಪ್ಪನಿಗೆ ಹೇಳಿದ್ದು ಅಣ್ಣನಿಗೆ ಸರಿಯಾಯಿತು. ಮದ್ದಿನ ಮಂಪರಿನಲ್ಲಿ ಅವನು ಬೆಂಚಿನ ಮೇಲೆ ಕೂತು ನಗುತ್ತಿದ್ದ. ನನ್ನ ಸ್ಕ್ಯಾನ್ ಮುಗಿಸಿ ಬಂದ ನಾನು ಅವನಿಗೇನೋ ಚುಚ್ಚಿ ಅನ್ನಬೇಕೆಂದಿದ್ದೆ, ಅಷ್ಟರಲ್ಲಿ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಅವನೂ ಗೋಡೆ ಹಿಡಿದುಕೊಂಡು ಹಿಂದೆ ಬಂದ.

ಪರದೆಯ ಮೇಲೆ ನನ್ನ ಕರುಳು ಬೂದು ಬಣ್ಣದ ಸುರಂಗದ ಹಾಗೆ ಕಾಣುತ್ತಿತ್ತು. ಅದರ ಗೋಡೆಯಲ್ಲಿ ಒಂದು ಕಡೆ ಗಂಟಿತ್ತು. ಅಂಗಾತ ಮಲಗಿದಾಗಲೂ ಅಲ್ಲೇ, ಬೋರಲು ಮಲಗಿದಾಗಲೂ ಅಲ್ಲೇ, ಅಂದರೆ ತಿಂದದ್ದಲ್ಲ, ಬೆಳೆದದ್ದು ಎಂದು ಡಾಕ್ಟರಮ್ಮ ಹೇಳಿದರು. ಇದೇ ಮುಂದೆ ಕ್ಯಾನ್ಸರ್ ಆಗಬಹುದು, ಈಗಲೇ ಆಗಿದೆಯೋ ಇಲ್ಲವೋ ತೆಗೆದು ನೋಡಿದರೆ ಗೊತ್ತಾಗುತ್ತದೆ. ಕ್ಯಾಮೆರಾದಿಂದಲೇ ತೆಗೆಯಬಹುದು, ಬೇಕಾದರೆ ಇವತ್ತೇ.

ನನಗೆ ಹೆದರಿಕೆಯಾಯಿತು. ಅಂಥ ಹೆದರಿಕೆ ನಾನು ಎಂದೂ ಕಂಡಿರಲಿಲ್ಲ. ಊರಿಗೆಲ್ಲ ಚುಚ್ಚಿ ಮಾತಾಡುತ್ತಿದ್ದ ನನ್ನ ಬಾಯಿಂದ ಬಂದದ್ದು ಇದು: “ಮುಂದಿನ ವಾರ ಬರ್ತೇನ್ರಿ. ತೋಟದಾಗ ಎಲಿ ಕೊಯ್ಯೂದೈತಿ, ಮನ್ಯಾಗ ಮಂದಿ ಬರೂರದಾರ. ನಮ್ಮ ಮನಿಯವರಿಗೂ ಒಂದು ಮಾತು ಕೇಳಬೇಕು.” ಹೇಳುತ್ತಲೇ ನನಗೆ ಗೊತ್ತಾಗುತ್ತಿತ್ತು, ನಾನು ಬರುವುದಿಲ್ಲ.

ಅಣ್ಣನಿಗೂ ಗೊತ್ತಾಯಿತು. ಅವನು ನಗುತ್ತಿರಲಿಲ್ಲ. ಸರಿಯಾಗಿ ನಿಲ್ಲಲೂ ಬಾರದವನು ನನ್ನ ರಟ್ಟೆ ಹಿಡಿದ.

“ಮುಂದಿನ ವಾರ ನೀ ಬರೂದಿಲ್ಲ. ನನಗ ಗೊತ್ತೈತಿ ತಂಗಿ, ನಾನೂ ಹಿಂಗ ಅಂದು ವರ್ಷಗಟ್ಟಲೆ ಬಂದಿಲ್ಲ. ಹೊಟ್ಟಿ ಹೆಂಗೂ ಖಾಲಿ ಐತಿ, ಈಗ ನಡಿ. ನಾ ಬಾಗಲದಾಗ ಕುಂತಿರ್ತೇನಿ.”