ದಸ್ತಗೀರ ನೋಡಿದ ಬ್ಯಾಂಕಾಕ್

ದೆವ್ವ, ಮಾಟ, ಕನಸಿನ ಸೂಚನೆ ಎಂದು ಯಾರಾದರೂ ಶುರು ಮಾಡಿದರೆ ನಾನು ನಗುವವರ ಪೈಕಿ. ಅಥಣಿಯಲ್ಲಿ ನನ್ನದು ಗೊಬ್ಬರ, ಕೀಟನಾಶಕದ ಅಂಗಡಿ. ದ್ರಾಕ್ಷಿ ಎಲೆಗೆ ಬೂದಿರೋಗ ಬಂದರೆ ಅದಕ್ಕೊಂದು ಕಾರಣ ಇರುತ್ತದೆ, ಆ ಕಾರಣಕ್ಕೊಂದು ಔಷಧ ಇರುತ್ತದೆ. ನನ್ನ ಲೋಕ ಈಗಲೂ ಹೆಚ್ಚುಕಡಿಮೆ ಹಾಗೇ ನಡೆಯುತ್ತಿದೆ. ಒಂದೇ ಒಂದು ಮಧ್ಯಾಹ್ನವನ್ನು ಮಾತ್ರ ಅದರೊಳಗೆ ಎಲ್ಲಿ ಕೂರಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ತೊಂಬತ್ತರ ದಶಕದ ಮಾತು. ಔಷಧ ಕಂಪನಿಯೊಂದು ಒಳ್ಳೆಯ ವ್ಯಾಪಾರ ಮಾಡಿದ ಡೀಲರುಗಳನ್ನು ಬ್ಯಾಂಕಾಕಿಗೆ ಕರೆದೊಯ್ಯುತ್ತೇವೆ ಎಂದಿತು. ಅಥಣಿಯಿಂದ ಎರಡು ಹೆಸರು ಬಂದವು. ಒಂದು ನನ್ನದು, ಇನ್ನೊಂದು ನನ್ನ ಎದುರಂಗಡಿಯ ದಸ್ತಗೀರನದು. ಎದುರಂಗಡಿ ಎಂದ ಮಾತ್ರಕ್ಕೆ ಹಗೆ ಎಂದು ತಿಳಿಯಬೇಡಿ. ನಾವಿಬ್ಬರೂ ಹತ್ತಿರದ ಐಗಳಿ ಹಳ್ಳಿಯವರು, ಶಾಲೆಯ ಒಂದೇ ಮಣೆಯ ಮೇಲೆ ಕೂತು ಬೆಳೆದವರು. ವಿಮಾನ ಏರಬೇಕು, ಪರದೇಶ ನೋಡಬೇಕು ಎಂಬ ಹುಚ್ಚು ಅವನಿಗೆ ಆವಾಗಿನಿಂದಲೇ ಇತ್ತು. ಸುದ್ದಿ ಬಂದ ದಿನ ಅವನ ಕಣ್ಣಲ್ಲಿ ನೀರು ನಿಂತದ್ದನ್ನು ನಾನೇ ನೋಡಿದ್ದೇನೆ.

ಕಂಪನಿಯವರು ಗೊತ್ತು ಮಾಡಿದ ದಿನಗಳು ಸರಿಯಾಗಿ ಅಲ್ಲಿಯ ಹೊಸ ವರ್ಷದ ನೀರಿನ ಹಬ್ಬದಲ್ಲಿ ಬಿದ್ದವು. ಊರಿಗೆ ಊರೇ ಬೀದಿಗಿಳಿದು ನೀರು ಎರಚುತ್ತದಂತೆ ಎಂದಾಗ ದಸ್ತಗೀರ ಕುಣಿದಾಡಿಬಿಟ್ಟ. ನಮ್ಮೂರ ಓಕಳಿಯ ಹೊಂಡಕ್ಕೆ ವರ್ಷವೂ ಮೊದಲು ಧುಮುಕುತ್ತಿದ್ದವನು ಅವನು. ಕಂಪನಿಯ ಕಾರ್ಯಕ್ರಮ ಮಾತ್ರ ಅವನಿಗೆ ಹಿಡಿಸಲಿಲ್ಲ. ಬೆಳಗ್ಗೆಯಿಂದ ರಾತ್ರಿಯವರೆಗೆ ಬಸ್ಸಿನಲ್ಲಿ ಕೂತು ಏಳುವುದೇ ಅದರಲ್ಲಿ ಹೆಚ್ಚು.

“ಓಡ್ಯಾಡಿ ಸಾಯಾಕ ಅಲ್ಲೀತನಕ ಯಾಕ ಹೋಗಬೇಕೋ? ಇಲ್ಲೇ ಹೊಲ ಐತಲ್ಲ,” ಎಂದ. ಅಂಗಡಿ ಮುಚ್ಚಿದ ಮೇಲೆ ದಿನವೂ ಕೂತು ಬೇರೆ ಯೋಜನೆಯೇ ಹೂಡಿದ. ಬೆಳಗ್ಗೆ ಒಂದೇ ಜಾಗ, ಮಧ್ಯಾಹ್ನ ಊಟ, ನಮಾಜು, ಒಂದು ನಿದ್ದೆ, ಸಂಜೆ ನದಿಯಲ್ಲಿ ದೋಣಿ. ನಿಪ್ಪಾಣಿಯ ಅವನ ನೆಂಟನೊಬ್ಬ ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ. ಬ್ಯಾಂಕಾಕಿನ ಕಾಲುವೆ ದಂಡೆಯ ಮಸೀದಿಯ ಪಕ್ಕದಲ್ಲಿ ಹಲಾಲ್ ಊಟ ಸಿಗುತ್ತದೆ ಎಂದು ಅವನಿಂದ ಕೇಳಿ ತಿಳಿದುಕೊಂಡ. ಲಿಂಗಾಯತನಾದ ನನಗೆ ಅಲ್ಲೇನು ಗತಿ ಎಂದರೆ ಅದಕ್ಕೂ ಉತ್ತರ ತಯಾರಿತ್ತು. “ನಮ್ಮ ಮಂದಿ ಹೋಟೆಲ್‌ನ್ಯಾಗ ಹಂದಿ ಸುಳಿಯೂದಿಲ್ಲ. ನಿನಗ ಬ್ಯಾಳಿ ಅನ್ನ, ನನಗ ಪುಲಾವ್. ಇಬ್ಬರೂ ಒಂದ ಟೇಬಲ್ಲಿಗೆ ಕುಂದ್ರೋಣು.”

ಹೊರಡುವ ವಾರದಲ್ಲೇ ಕಾಗವಾಡದ ರಸ್ತೆಯಲ್ಲಿ ಬೈಕು ಜಾರಿ ಬಿದ್ದು ಬಲಗಾಲು ಮುರಿದುಕೊಂಡ. ಮಿರಜದ ಡಾಕ್ಟರು ಪ್ಲಾಸ್ಟರ್ ಹಾಕಿ, ಹನಿ ನೀರು ತಾಗಿಸಬೇಡಿ, ಎಲುಬು ಸರಿದರೆ ಜನ್ಮವಿಡೀ ಕುಂಟಬೇಕಾಗುತ್ತದೆ ಎಂದು ಹೇಳಿ ಕಳಿಸಿದರು. ನಾನೂ ಹೋಗುವುದಿಲ್ಲ ಎಂದೆ. ಅವನು ಸಿಟ್ಟಾದ. “ನಾ ಹೂಡಿದ ಪ್ಲ್ಯಾನ್ ಕೆಡಸಬ್ಯಾಡ ಮಗನ. ನಾ ಹೇಳಿದ ಹೋಟೆಲ್‌ನ್ಯಾಗ ಉಂಡ ಬಾ,” ಎಂದು ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಆ ಬೆನ್ನು ನೋಡಿ ಹೊರಡಲು ಮನಸ್ಸಾಗಲಿಲ್ಲ. ಆದರೂ ಹೋದೆ.

ಹಬ್ಬದ ದಿನ, ಜೊತೆಗೆ ಬಂದಿದ್ದ ಸಾಂಗಲಿಯ ಡೀಲರುಗಳೆಲ್ಲ ಬಸ್ಸು ಹತ್ತಿದರು. ನಾನು ದಸ್ತಗೀರನ ಮಾತಿನಂತೆ ಒಬ್ಬನೇ ಕಾಲುವೆಯ ಕಡೆ ನಡೆದೆ. ಸುಡುಬಿಸಿಲು. ಓಣಿಯ ತುದಿ ಮುಟ್ಟುವಷ್ಟರಲ್ಲಿ ಜನ ಎರಚಿದ ನೀರಿಗೆ ಮೈಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಒಂದು ಮನೆಯ ಮುಂದೆ ಮುದುಕಿಯೊಬ್ಬಳು ಬಟ್ಟಲಲ್ಲಿ ಬಿಳಿ ಹಿಟ್ಟು ಕಲಸಿಕೊಂಡು ನಿಂತಿದ್ದಳು. ಹಬ್ಬದಲ್ಲಿ ಅದನ್ನು ಬಂದವರ ಕೆನ್ನೆಗೆ ಬಳಿಯುತ್ತಾರೆ. ನನ್ನ ಕೆನ್ನೆಗೆ ಬಳಿದಳು. ಬಳಿದವಳು ಕೈಯನ್ನು ನನ್ನ ಪಕ್ಕದ ಖಾಲಿ ಜಾಗಕ್ಕೆ ಚಾಚಿ ಅಲ್ಲೂ ಬಳಿದಂತೆ ಮಾಡಿ ನಕ್ಕಳು. ಆಮೇಲೆ ಬಗ್ಗಿ, ಅದೇ ಜಾಗದಲ್ಲಿ, ಯಾರದೋ ಕಾಲಿಗೆ ಎರೆಯುವಂತೆ ಮೆಲ್ಲಗೆ ತಂಬಿಗೆ ನೀರು ಸುರಿದಳು. ಅವರ ಪದ್ಧತಿ ಇರಬೇಕು ಅಂದುಕೊಂಡು ನಾನೂ ನಕ್ಕು ಕೈಮುಗಿದೆ.

ಮಸೀದಿ ಸಿಕ್ಕಿತು, ಹೋಟೆಲೂ ಸಿಕ್ಕಿತು. ಮಾಲೀಕನ ಹಿರಿಯರು ನಮ್ಮ ಕಡೆಯಿಂದ ಹೋದವರಂತೆ, ಮುರುಕು ಉರ್ದು ಬರುತ್ತಿತ್ತು. ಬೇಳೆ, ಅನ್ನ ಕೇಳಿ ಕೂತೆ. ಅವನು ಎರಡು ತಟ್ಟೆ ತಂದಿಟ್ಟ. ಒಂದರಲ್ಲಿ ನಾನು ಕೇಳಿದ್ದು, ಎದುರಿಗಿಟ್ಟದ್ದು ಕೋಳಿ ಪುಲಾವು. ನಾನೊಬ್ಬನೇ ಎಂದೆ. ಅವನು ಬಾಗಿಲ ಕಡೆ ನೋಡಿ, “ಔರ್ ವೋ ಭಾಯಿ? ಲಂಗಡಾ ರಹಾ ಥಾ ನಾ, ಆಪ್ ಕೆ ಸಾಥ್?” ಎಂದು, ನನ್ನ ಜೊತೆ ಕುಂಟುತ್ತ ಬಂದವನೆಲ್ಲಿ ಎಂದು ಕೇಳಿದ. ಗದ್ದಲದಲ್ಲಿ ಇನ್ಯಾರನ್ನೋ ಕಂಡಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅವನು ತಟ್ಟೆ ಒಯ್ಯಲಿಲ್ಲ. ಬರ್ತಾರೆ, ಇರಲಿ ಎಂದ. ಪುಲಾವು ಎದುರಿಗೇ ಆರುತ್ತಿತ್ತು. ಯಾರನ್ನೋ ಕಾಯಿಸಿ ನಾನೊಬ್ಬನೇ ಉಣ್ಣುತ್ತಿದ್ದೇನೆ ಅನ್ನಿಸಿ ಅರ್ಧಕ್ಕೇ ಕೈತೊಳೆದೆ.

ಊರಿಗೆ ಬಂದವನು ಮನೆಗೂ ಹೋಗದೆ ಮೊದಲು ದಸ್ತಗೀರನಲ್ಲಿಗೆ ಹೋದೆ. ಅವನ ಕಾಲಿಗೆ ಹೊಸ ಪ್ಲಾಸ್ಟರ್ ಇತ್ತು. ನಾನು ಬಾಯಿ ತೆರೆಯುವ ಮೊದಲೇ ಅವನ ಹೆಂಡತಿ ಶುರು ಮಾಡಿದಳು.

“ನೋಡ್ರಿ ಅಣ್ಣಾ ನಿಮ್ಮ ದೋಸ್ತನ್ನ. ಹಬ್ಬ ಐತಿ ಅಂದಿದ್ರಲ್ಲ, ಅವತ್ತ ಮಧ್ಯಾನ ಮಲಗಿದ್ರು. ನಾ ಹೊಸ್ತಿಲದಾಗ ಮೆಣಸಿನಕಾಯಿ ತೊಟ್ಟ ತಗಿಯಾಕತ್ತಿದ್ದೆ. ಎದ್ದು ನೋಡತೀನಿ, ಪ್ಲಾಸ್ಟರ್ ತೊಯ್ದು ಹಿಟ್ಟಾಗೇತಿ. ಹಾಸಿಗಿ ಒಣಗಿದ್ದು ಒಣಗಿದಂಗ ಐತಿ. ಗಲ್ಲಕ್ಕ ಬಿಳೇದು ಬಡಕೊಂಡೈತಿ. ಕೇಳಿದ್ರ ಕನಸು ಅಂತಾರ!”

ಹೆದರಿ ಗಾಡಿ ಮಾಡಿಕೊಂಡು ಮಿರಜಕ್ಕೆ ಒಯ್ದಿದ್ದರು. ಎಲುಬು ಸರಿದಿರಲಿಲ್ಲ, ಅದೊಂದು ಪುಣ್ಯ. ಏನು ಕನಸು ಎಂದು ಕೇಳಿದೆ. ದಸ್ತಗೀರ ನನ್ನ ಮುಖ ನೋಡದೆ ಹೇಳಿದ. “ಯಾವಕಿನೋ ಮುದುಕಿ ಗಲ್ಲಕ್ಕ ತಣ್ಣಂದು ಹಚ್ಚಿದಳೋ. ಕಾಲಿಗೆ ನೀರ ಹಾಕಿದಳು. ಮುಂದ ಊಟಕ್ಕ ಹೊಂಟಿದ್ದೆ. ಬಾಗಿಲದಾಗ ಕಾಲಿಟ್ಟಿದ್ದೆ, ಅಷ್ಟೊತ್ತಿಗೆ ಈಕಿ ಎಬ್ಬಿಸಿದಳು.”

ನಾನು ಅದುವರೆಗೆ ಅವರಿಗೆ ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಎಲ್ಲವನ್ನೂ ಹೇಳಿದೆ. ಅವನ ಹೆಂಡತಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. “ನಾ ಯಾಕರ ಎಬ್ಬಿಸಿದೆನೋ. ಅಲ್ಲೀತನಕ ಹೋದವರು, ಒಂದ ತುತ್ತು ಉಂಡರ ಬರತಿದ್ರು,” ಎಂದಳು.

ಕಾರಣ ಹುಡುಕುವುದು ನನ್ನ ಕಸುಬು, ಹುಡುಕಿದ್ದೇನೆ. ನಿದ್ದೆಗಣ್ಣಲ್ಲಿ ಕುಂಟುತ್ತ ಬಚ್ಚಲಿಗೆ ಹೋಗಿ ನೀರು ಸುರಿದುಕೊಂಡಿರಬಹುದು, ಒದ್ದೆ ಪ್ಲಾಸ್ಟರ್ ಮುಟ್ಟಿದ ಕೈ ಕೆನ್ನೆಗೆ ತಾಗಿರಬಹುದು. ಆದರೆ ಬಚ್ಚಲಿಗೆ ದಾರಿ ಇರುವುದು ಅವಳು ಕೂತಿದ್ದ ಹೊಸ್ತಿಲು ದಾಟಿಯೇ. ಇನ್ನು ಆ ಹೋಟೆಲಿನವನಿಗೆ ಲಂಗಡಾ ಎಂದು ಹೇಳಿಕೊಟ್ಟವರು ಯಾರು? ಇಲ್ಲಿಗೆ ಬಂದು ನನ್ನ ಲೆಕ್ಕ ನಿಂತುಬಿಡುತ್ತದೆ.

ಒಂದೆರಡು ವರ್ಷ ಕಳೆದ ಮೇಲೆ ಅದೇ ಕಂಪನಿ ಮತ್ತೆ ಅಲ್ಲಿಗೇ ಪ್ರವಾಸ ಹೂಡಿತು, ಈ ಸಲ ದಸ್ತಗೀರನ ಹೆಸರು ಮೊದಲಿಗೇ ಇತ್ತು. ನಾನು ರಸ್ತೆ ದಾಟಿ ಓಡಿಹೋಗಿ ಹೇಳಿದೆ. ಅವನು ಯಾರೋ ರೈತನಿಗೆ ಔಷಧ ಕಟ್ಟಿಕೊಡುತ್ತಿದ್ದ, ಕೈ ನಿಲ್ಲಿಸಲಿಲ್ಲ.

“ಬ್ಯಾರೆ ಯಾರಿಗರ ಕೊಡಾಕ ಹೇಳು. ಒಮ್ಮಿ ಹೋಗಿ ಬಂದ ಊರಿಗೆ ಮತ್ತ ಯಾಕೋ?” ಎಂದ.

ಚೇಷ್ಟೆ ಇರಬೇಕೆಂದು ಮುಖ ನೋಡಿದೆ. ಇರಲಿಲ್ಲ. ಹುಡುಗನಾಗಿದ್ದಾಗಿನಿಂದ ಹಂಬಲಿಸಿದ ಮನುಷ್ಯ ಟಿಕೆಟ್ಟನ್ನು ನಿಜವಾಗಿಯೂ ಬೇರೆಯವನಿಗೆ ಬಿಟ್ಟುಕೊಟ್ಟ. ಪೇಟೆಯಲ್ಲಿ ಜನ ಈಗಲೂ ನನ್ನನ್ನು ತಡೆದು, ದಸ್ತಗೀರ ಬ್ಯಾಂಕಾಕಿಗೆ ಹೋಗಿ ಬಂದೀನಿ ಅನ್ನೋದು ಖರೇನೋ ಸುಳ್ಳೋ ಎಂದು ಕೇಳುತ್ತಾರೆ. ಸುಳ್ಳು ಎನ್ನಲು ಬಾಯಿ ಬರುವುದಿಲ್ಲ. ಅವನ ಜೊತೆಗಿದ್ದವನು ನಾನೇ.