ಬೀಗರ ಪದಕ್ಕೆ ನಾಲ್ಕು ನಿಮಿಷ

ವೇದಿಕೆಯ ಮೇಲೆ ಮೂರು ಕುರ್ಚಿ. ನಡುವಿನದು ಶಾಲೆಯ ಸೆಕ್ರೆಟರಿಯವರದು. ಎಡಗಡೆ ನಮ್ಮ ಚಿಕ್ಕವ್ವ. ಬಲಗಡೆ, ಚಿಕ್ಕವ್ವನನ್ನು ಮಲ್ಲಿಪಟ್ಟಣದಿಂದ ಬಸ್ಸಿನಲ್ಲಿ ಕರೆತಂದ ಪುಣ್ಯಕ್ಕೆ, ನಾನು. ಕೆಳಗೆ ಮೈಕಿನ ವೈರು ಸರಿಮಾಡುತ್ತ ಕನ್ನಡದ ಮೇಡಂ. ಹೊಳೆನರಸೀಪುರದ ಆ ಇಂಗ್ಲಿಷ್ ಶಾಲೆಯಲ್ಲಿ ಅಂದು ‘ಪರಂಪರೆ ದಿನ’.

ಪರಂಪರೆಯನ್ನು ಅಚ್ಚುಕಟ್ಟಾಗಿ ಜೋಡಿಸಿದ್ದರು. ಥರ್ಮೊಕೋಲಿನ ಒನಕೆ, ಜೇಡಿಮಣ್ಣಿನ ರಾಗಿಮುದ್ದೆ, ಅದರ ಮುಂದೆ ‘ಮುಟ್ಟಬೇಡಿ’ ಎಂಬ ಚೀಟಿ. ಮನೆಯಲ್ಲಿ ಮುದ್ದೆ ಉಂಡೇ ಬಂದಿದ್ದ ಮಕ್ಕಳು ಸಾಲಾಗಿ ನಿಂತು ಅದನ್ನು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದವು. ಕನ್ನಡ ಮಾತಾಡಿದವರನ್ನು ಬಾಗಿಲಾಚೆ ನಿಲ್ಲಿಸುವ ಶಿಕ್ಷೆಗೆ ಅದೊಂದು ದಿನ ರಜೆ.

ವಾರದ ಹಿಂದೆ ಮೇಡಂ ನಮ್ಮ ಮನೆಗೆ ಬಂದು ಕಷ್ಟ ಹೇಳಿಕೊಂಡಿದ್ದರು. ಶನಿವಾರ ಒಂದು ಪೀರಿಯಡ್ಡಿನಲ್ಲಿ ಅವರು ಆರನೇ ಕ್ಲಾಸಿನವರಿಗೆ ಕಥೆ, ಒಗಟು, ಪದ ಹೇಳಿಕೊಡುತ್ತಿದ್ದರು. ಅದನ್ನು ಕಿತ್ತು ರೋಬೋಟ್ ಪಾಠಕ್ಕೆ ಕೊಡುವ ಮಾತು ನಡೆದಿತ್ತು. ಪದ ಹೇಳುವುದರಲ್ಲಿ ಸುತ್ತೂರಿಗೆಲ್ಲ ಹೆಸರಾದ ಚಿಕ್ಕವ್ವ ಬಂದು ಹಾಡಿದರೆ ಸೆಕ್ರೆಟರಿಯವರ ಮನಸ್ಸು ತಿರುಗೀತೆಂಬ ಆಸೆ ಮೇಡಂಗೆ.

“ರೋಬೋಟು ಅಂದ್ರೆ ಏನವ್ವ?” ಎಂದಳು ಚಿಕ್ಕವ್ವ.

“ಹೇಳಿದಂಗೆ ಕೇಳೋ ಗೊಂಬೆ, ಅಜ್ಜಿ.”

“ಮಕ್ಕಳ್ನ ಆಗ್ಲೇ ಅಂಗ್ ಮಾಡವ್ರಲ್ಲ. ಅದಕ್ಕೆ ಬ್ಯಾರೆ ಪಾಠ ಯಾಕೆ?”

ಅಂದು ವೇದಿಕೆಯಲ್ಲಿ ಸೆಕ್ರೆಟರಿಯವರು ಬೇರುಗಳನ್ನು ಮರೆಯಬಾರದೆಂದು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಚಿಕ್ಕವ್ವನ ಕಡೆ ಬಾಗಿ, “ಅಜ್ಜಿ, ನಾಲ್ಕು ನಿಮಿಷ ಇದೆ. ಯಾವ್ದಾದ್ರೂ ಒಂದು ಫೋಕ್ ಸಾಂಗ್ ಹಾಡ್ಬಿಡಿ” ಎಂದರು.

“ಬೀಸೋ ಪದಕ್ಕೆ ಕಲ್ಲು ಬೇಕು ಸಾ. ಹಸೆ ಪದಕ್ಕೆ ಹೆಣ್ಣು ಬೇಕು. ಬೀಗರ ಪದಕ್ಕೆ ಬೀಗ್ರು ಒಬ್ರು ಸಾಕು. ಪಕ್ಕದಲ್ಲೇ ಕುಂತಿದ್ದೀರಲ್ಲ ನೀವು.”

ಅವರು ಕ್ಯಾಮೆರಾದ ಕಡೆ ನೋಡುತ್ತ ಸಂತೋಷದಿಂದ ತಲೆಯಾಡಿಸಿದರು.

ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಒಂದು ಕಡೆಯ ಹೆಂಗಸರು ಇನ್ನೊಂದು ಕಡೆಯ ಬೀಗರನ್ನು ಪದ ಕಟ್ಟಿ ಬೈಯುತ್ತಾರೆ. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ಪದದಲ್ಲೇ ತಿರುಗಿಸಿ ಬೈಯಬೇಕು. ಬಾಯಿ ಬಾರದ ಕಡೆಯವರ ಸೋಲನ್ನು ಅವರ ಮೊಮ್ಮಕ್ಕಳ ಮದುವೆಯವರೆಗೂ ಆಡಿಕೊಳ್ಳುತ್ತಾರೆ. ಚಿಕ್ಕವ್ವ ಎತ್ತಿಕೊಂಡಳು:

*ಕರಿಕೋಟು ತೊಟ್ಟವ್ರೆ ಕುರ್ಚೀಲಿ ಕುಂತವ್ರೆ*
*ಮೈಕ್ ಹಿಡ್ಕಂಡು ಮೆರೆದವ್ರೆ ನಮ್ ಬೀಗ್ರು*
*ಅವ್ವನ ಮಾತೇ ಮರ್ತವ್ರೆ*

ಕೊನೆಯ ಸಾಲನ್ನು ಕೆಳಗೆ ಕೂತಿದ್ದ ಆರನೇ ಕ್ಲಾಸಿನ ಹುಡುಗಿಯರು ಸೊಲ್ಲು ಹಿಡಿದು ತಿರುಗಿ ಹಾಡಿದರು. ಮೇಡಂ ಹಾಗೆ ಕಲಿಸಿದ್ದರು. ಸಭೆ ನಕ್ಕಿತು. ಸೆಕ್ರೆಟರಿಯವರು ವಾಚು ನೋಡಿಕೊಂಡರು.

“ಉತ್ತರ ಕೊಡಿ ಸಾ, ಕುಂತ್ಕತೀನಿ” ಎಂದಳು ಚಿಕ್ಕವ್ವ. ಅವರು ಶಾಲು ಹೊದಿಸಿದರು.

ಮರುವಾರವೇ ಪೀರಿಯಡ್ಡು ರೋಬೋಟಿಗೆ ಹೋಯಿತು. ಮೇಡಂ ಫೋನಿನಲ್ಲಿ ಹೇಳಿದ್ದು ಕೇಳಿ ಚಿಕ್ಕವ್ವ ಆ ಶಾಲನ್ನು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಆಮೇಲೆ, “ಆ ಮೇಡಂ ಹುಡ್ಗಿ ಪಾಠ ನನ್ ಬಾಯಿಂದ ಓಯ್ತು ಕಣ್ಲಾ ಮಗ” ಎಂದಳು. ಪರಂಪರೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟವರಿಗೆ ಅದು ಎದ್ದು ಬಂದು ಬೈದರೆ ಹಿಡಿಸುವುದಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ಸೆಕ್ರೆಟರಿಯವರ ಕಾರು ನಮ್ಮ ಮನೆ ಮುಂದೆ ನಿಂತಿತು. ಜೊತೆಗೆ ಅವರ ಹೆಂಡತಿ, ಕೈಯಲ್ಲಿ ತಾಂಬೂಲದ ತಟ್ಟೆ. ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಡುತ್ತಿದ್ದರು. ನಿಶ್ಚಿತಾರ್ಥದ ಊಟದಲ್ಲಿ ಗಂಡಿನ ಕಡೆಯ ಮುದುಕಿಯರು ಪದ ಹೇಳಿದ್ದಾರೆ. ಇವರ ಕಡೆ ಒಬ್ಬರಿಗೂ ಉತ್ತರ ಬರಲಿಲ್ಲ. ಯಾರೋ ಜಾಣರು ಡಿಜೆ ಸೌಂಡು ಜಾಸ್ತಿ ಮಾಡಿಸಿದ್ದಾರೆ. ಸೋಲಿನ ಜೊತೆಗೆ ಓಡಿಹೋದ ಹೆಸರೂ ಬಂತು.

“ಮದ್ವೆ ದಿನ ನೀವೇ ಬಂದು ಮಾನ ಉಳಿಸ್ಬೇಕು, ಅವ್ವಾ” ಎಂದರು ಸೆಕ್ರೆಟರಿ. ಈ ಸಲ ಇಂಗ್ಲಿಷಿನ ಒಂದು ಪದವೂ ಬರಲಿಲ್ಲ.

“ನಾನ್ ಒಬ್ಳೇ ಬಂದ್ರೆ ಆಯ್ತದಾ? ಸೊಲ್ಲು ಹಿಡಿಯೋರು ಬೇಕು. ನಿಮ್ಮ ಇಸ್ಕೂಲಲ್ಲೇ ಇದ್ರು. ಈಗ ಗೊಂಬೆ ಕುಣಿಸ್ತಾವ್ರಂತೆ.”

“ಅವ್ರನ್ನ ಕಳಿಸ್ತೀನಿ.”

“ಕಲಿಯೋಕೆ ಶನಿವಾರ ಬೇಕಲ್ಲಪ್ಪ.”

ಅವರು ಹೆಂಡತಿಯ ಮುಖ ನೋಡಿದರು. ಆಕೆ ಚಿಕ್ಕವ್ವನ ಕೈಗೆ ತಾಂಬೂಲ ಕೊಟ್ಟೇಬಿಟ್ಟರು.

ಮದುವೆ ಹಾಸನದ ಛತ್ರದಲ್ಲಿ ನಡೆಯಿತು. ಎಂಟು ಹುಡುಗಿಯರು ಮೇಡಂ ಜೊತೆ ಶಾಲೆಯ ವ್ಯಾನಿನಲ್ಲೇ ಬಂದಿಳಿದರು. ಪಾಯಸ ಬಡಿಸುವ ಹೊತ್ತಿಗೆ ಚನ್ನರಾಯಪಟ್ಟಣದವರು ಶುರುಮಾಡಿದರು, ಇವರು ತಿರುಗಿಸಿದರು, ಮಜ್ಜಿಗೆಯವರೆಗೂ ನಡೆಯಿತು. ಶನಿವಾರದ ಪೀರಿಯಡ್ಡು ಈಗ ಮೇಡಂ ಬಳಿಯೇ ಇದೆ. ವೇಳಾಪಟ್ಟಿಯಲ್ಲಿ ಅದಕ್ಕೆ ‘ಕಮ್ಯುನಿಕೇಷನ್ ಸ್ಕಿಲ್ಸ್’ ಎಂದು ಹೆಸರಿಟ್ಟಿದ್ದಾರೆ.