ನರಸಿಂಹನ ತಟ್ಟೆಯ ಬಿರುಕು

ಡಚ್ಚರ ದೇಶದ ವೆಲ್ಡ್‌ಹೋವನ್‌ನಲ್ಲಿರುವ ಮಗಳ ಮನೆಗೆ ನಾನೂ ಯಜಮಾನರೂ ಬಂದಾಗಲೆಲ್ಲ, ಇಲ್ಲಿನ ಹಳೆ ಸಾಮಾನಿನ ಅಂಗಡಿಗೊಮ್ಮೆ ಹೋಗದಿದ್ದರೆ ನನಗೆ ಸಮಾಧಾನವಿಲ್ಲ. ಈ ಜನ ಬೇಡವೆಂದು ಬಿಟ್ಟದ್ದು ನಮ್ಮಲ್ಲಿ ಮದುವೆಗೆ ಕೊಡುವಂತಿರುತ್ತದೆ, ನೀವೇ ಬಂದು ನೋಡಿ. ಹೋದ ತಿಂಗಳು ಅಲ್ಲೊಂದು ಪಿಂಗಾಣಿ ತಟ್ಟೆ ಕಂಡು ಕಾಲು ನಿಂತೇಹೋಯಿತು. ಸುತ್ತ ನೀಲಿ ಹೂಬಳ್ಳಿ, ನಡುವೆ ಕಿರೀಟವಿಟ್ಟು ಕತ್ತಿ ಹಿಡಿದ ಸಿಂಹ.

ನಮ್ಮ ಅತ್ತೆಯ ನರಸಿಂಹ!

ನಂಜನಗೂಡಿನ ಮನೆಯಲ್ಲಿ ಇಂಥದ್ದೇ ತಟ್ಟೆ ದೇವರ ಗೂಡಿನಲ್ಲಿತ್ತು. ಅತ್ತೆಯ ಮಾವ ಮದ್ರಾಸಿನ ಬಂದರಿನಿಂದ ತಂದದ್ದಂತೆ. ಮನೆದೇವರು ನರಸಿಂಹ, ತಟ್ಟೆಯಲ್ಲಿ ಸಿಂಹ, ಇನ್ನೇನು ಬೇಕು? ದಿನಾ ಕುಂಕುಮ, ಹೂವು. ತೊಡೆಯ ಮೇಲೆ ಹಿರಣ್ಯಕಶಿಪು ಯಾಕಿಲ್ಲ ಎಂದು ಯಾರೂ ಕೇಳಲಿಲ್ಲ. ನಾಲ್ಕನೇ ಕ್ಲಾಸು ಓದಿದ ನಾನಂತೂ ಕೇಳುವವಳಲ್ಲ.

ಮದುವೆಯಾದ ಹೊಸತು. ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಚಪಲಕ್ಕೆ ಅದನ್ನಿಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ. ದೀಪದ ಮಸಿ ಹೋಯಿತು, ಮಸಿಯಡಿಯಿಂದ ಒಂದು ಗೆರೆ ಎದ್ದಿತು. ಅಲ್ಲಿ ಬಳ್ಳಿ ಕತ್ತರಿಸಿಹೋಗಿತ್ತು. ಅರ್ಧ ಹೂವಿನ ಪಕ್ಕದಲ್ಲೇ ಅರ್ಧ ಎಲೆ.

"ಅಯ್ಯೋ ಪಾಪಿ, ದೇವರನ್ನೇ ಸೀಳಿಬಿಟ್ಯಲ್ಲೇ!" ಎಂದರು ಅತ್ತೆ.

ಭಿನ್ನವಾದ ದೇವರಿಗೆ ಪೂಜೆಯಿಲ್ಲ. ಯಜಮಾನರು ಬಾಯಿ ಮುಚ್ಚಿಕೊಂಡು ತಟ್ಟೆಯನ್ನು ಒಯ್ದು ಕಪಿಲೆಗೆ ಬಿಟ್ಟು ಬಂದರು. ಅಂದಿನಿಂದ ಹಾಲು ಒಡೆದರೂ ನನ್ನ ಕೈ, ಹಸು ಒದ್ದರೂ ನನ್ನ ಕೈ. ಅತ್ತೆ ಸಾಯುವವರೆಗೂ ದೇವರ ಪಾತ್ರೆ ಮುಟ್ಟಗೊಡಲಿಲ್ಲ. ಒಂದು ಕೆಲಸ ತಪ್ಪಿತು ಎಂದುಕೊಂಡೆ, ನಿಜ. ಆದರೂ ಚುಚ್ಚುತ್ತಿತ್ತು.

ಅಂಗಡಿಯ ತಟ್ಟೆಯಲ್ಲೂ ಅಂಥದ್ದೇ ಗೆರೆ! ಉಗುರು ಎಳೆದೆ. ನುಣ್ಣಗಿತ್ತು. ಜೊತೆಗಿದ್ದ ಮೊಮ್ಮಗಳು ಅಂಗಡಿಯ ಮುದುಕಿಯನ್ನು ಡಚ್ಚಿನಲ್ಲಿ ಕೇಳಿದಳು.

"ಕ್ರ್ಯಾಕ್ ಅಲ್ವಂತೆ ಅಜ್ಜಿ. ಡಿಸೈನ್ ಪೇಪರ್ ಮೇಲೆ ಪ್ರಿಂಟ್ ಮಾಡಿ ತಟ್ಟೆಗೆ ಒತ್ತುತಿದ್ರಂತೆ. ಪೇಪರ್‌ನ ಎರಡು ತುದಿ ಕೂಡಿಲ್ಲ, ಅಷ್ಟೆ. ಆ ಲಯನ್ ಇವರ ದೇಶದ್ದು. ಫಾರಿನ್ನಲ್ಲಿ ಮಾರೋಕೆ ಅಂತ ಹೆಮ್ಮೆಯಿಂದ ಹಾಕಿದ್ದಂತೆ."

"ಹಾಗಾದ್ರೆ ಒತ್ತಿದವಳ ಕೈ ಸರಿಯಿಲ್ಲ ಅನ್ನು," ಎಂದೆ. "ನಂದಲ್ಲ."

ಕೊಂಡು ತಂದು ಯಜಮಾನರ ಮುಂದಿಟ್ಟೆ. "ಉಗುರು ಹಾಕಿ ನೋಡಿ."

ಅವರು ಕೈಯನ್ನೇ ಚಾಚಲಿಲ್ಲ. "ಗೊತ್ತು ಕಣೆ. ಅವತ್ತು ಹೊಳೆ ಹತ್ರಾನೇ ನೋಡಿದ್ದೆ. ಒಡೆದಿರಲಿಲ್ಲ."

"ಮತ್ತೆ ಬಾಯಲ್ಲೇನಿತ್ತು, ಕಡುಬೇ?"

"ಅಮ್ಮನ ಮುಂದೆ ಬಾಯಿ ಬಿಡೋರು ಯಾರೇ?"

ಅದೂ ನಿಜವೇ. ನಾನೂ ಬಿಟ್ಟವಳಲ್ಲ.

ಈಗ ದಿನಾ ಬೆಳಿಗ್ಗೆ ಆ ಸಿಂಹದ ಮೇಲೆ ಎರಡು ದೋಸೆ ಹಾಕಿಕೊಂಡು ನಿಧಾನವಾಗಿ ತಿನ್ನುತ್ತೇನೆ. ತಟ್ಟೆ ತೊಳೆಯುವವರು ಯಜಮಾನರು. ಹುಣಸೆಹಣ್ಣು ಹಾಕಿ.